ಆರ್‌ಸಿ ವಿಮಾನಕ್ಕೆ ಪ್ರೊಪೆಲ್ಲರ್ ಆಯ್ಕೆ: ಪಿಚ್ ಮೊದಲು, ವ್ಯಾಸ ಆಮೇಲೆ, ತೀರ್ಪು ಮೀಟರಿನದು

ರೇಡಿಯೊ ನಿಯಂತ್ರಿತ ಮಾದರಿ ವಿಮಾನವನ್ನು ಕಟ್ಟುವವರಲ್ಲಿ ಹೆಚ್ಚಿನವರು ರೆಕ್ಕೆ, ಮೋಟಾರು, ಬ್ಯಾಟರಿಗಳ ವಿಚಾರದಲ್ಲಿ ವಾರಗಟ್ಟಲೆ ಯೋಚಿಸುತ್ತಾರೆ. ಪ್ರೊಪೆಲ್ಲರಿನ ವಿಚಾರ ಬಂದಾಗ ಮಾತ್ರ ಅಂಗಡಿಯವರು ಮೋಟಾರಿನ ಜೊತೆ ಕೊಟ್ಟದ್ದನ್ನೇ ಬಿಗಿದು ಮೈದಾನಕ್ಕೆ ಹೊರಡುತ್ತಾರೆ. ಬ್ಯಾಟರಿಯಲ್ಲಿರುವ ಶಕ್ತಿಯೆಲ್ಲ ಕೊನೆಗೆ ಗಾಳಿಗೆ ಸೇರುವುದು ಈ ಒಂದು ಭಾಗದ ಮೂಲಕವೇ. ಅದು ತಪ್ಪಾಗಿದ್ದರೆ ಒಳ್ಳೆಯ ಮೋಟಾರು ಸುಟ್ಟುಹೋಗಬಹುದು, ಹಗುರವಾದ ವಿಮಾನವೂ ನೆಲ ಬಿಡಲು ಹೆಣಗಬಹುದು, ಹತ್ತು ನಿಮಿಷ ಬರಬೇಕಾದ ಬ್ಯಾಟರಿ ಆರೇ ನಿಮಿಷಕ್ಕೆ ಬರಿದಾಗಬಹುದು.

ಕಣ್ಣಿಗೆ ಮೊದಲು ಕಾಣುವುದು ವ್ಯಾಸವಾದ್ದರಿಂದ ಬಹುತೇಕರು ಆಯ್ಕೆಯನ್ನು ಅಲ್ಲಿಂದಲೇ ಆರಂಭಿಸುತ್ತಾರೆ. ಈ ಕ್ರಮವನ್ನು ತಿರುಗಿಸಿಕೊಳ್ಳಬೇಕು ಎಂಬುದು ನನ್ನ ದೃಢ ಅಭಿಪ್ರಾಯ. ವಿಮಾನ ಎಷ್ಟು ವೇಗದಲ್ಲಿ ಹಾರಬೇಕು ಎಂಬುದನ್ನು ಮೊದಲು ತಿಳಿದು, ಅದರಿಂದ ಪಿಚ್ (ಒಂದು ಸುತ್ತಿಗೆ ಪ್ರೊಪೆಲ್ಲರ್ ಮುಂದೆ ಸಾಗಬೇಕಾದ ದೂರ) ನಿರ್ಧರಿಸಿ, ಆ ಪಿಚ್‌ನಲ್ಲಿ ಮೋಟಾರು ಹೊರಬಲ್ಲಷ್ಟು ವ್ಯಾಸವನ್ನು ಆರಿಸಿ, ಕೊನೆಗೆ ವ್ಯಾಟ್‌ಮೀಟರಿನಲ್ಲಿ ಪರೀಕ್ಷಿಸಿಕೊಂಡರೆ ಊಹೆಗೆ ಉಳಿಯುವ ಜಾಗ ಬಹಳ ಕಡಿಮೆ. ಮುಖ್ಯವಾಗಿ ವಿದ್ಯುತ್ ಮೋಟಾರಿನ ವಿಮಾನಗಳನ್ನು ಇಟ್ಟುಕೊಂಡು ಈ ಕ್ರಮವನ್ನು ವಿವರಿಸುತ್ತೇನೆ. ಮೆಥನಾಲ್ ಇಂಧನದಿಂದ ಓಡುವ ಪುಟ್ಟ ಗ್ಲೋ ಎಂಜಿನ್‌ಗೆ ಅನ್ವಯಿಸುವ ಮಾತುಗಳು ನಂತರ ಬರುತ್ತವೆ.

ಅಲಗಿನ ಮೇಲಿನ ಅಂಕಿಗಳು

ಪ್ರೊಪೆಲ್ಲರಿನ ಮೇಲೆ 10×6 ಎಂದು ಅಚ್ಚಾಗಿದ್ದರೆ ಮೊದಲನೆಯದು ವ್ಯಾಸ, ಎರಡನೆಯದು ಪಿಚ್, ಎರಡೂ ಇಂಚಿನಲ್ಲಿ. ಅಲಗುಗಳ ತುದಿಯಿಂದ ತುದಿಗೆ ಇರುವ ಉದ್ದವೇ ವ್ಯಾಸ. ಸ್ವಲ್ಪವೂ ಜಾರದೆ ಗಾಳಿಯನ್ನು ಕೊರೆದುಕೊಂಡು ಹೋದರೆ ಒಂದು ಸುತ್ತಿಗೆ ಎಷ್ಟು ಇಂಚು ಮುಂದೆ ಸಾಗಬೇಕೋ ಅದು ಪಿಚ್. 1045 ಎಂದು ಒಟ್ಟಿಗೆ ಬರೆದಿದ್ದರೆ ಅದನ್ನು 10×4.5 ಎಂದು ಓದಿಕೊಳ್ಳಬೇಕು. ಅಂಕಿಯ ನಂತರ ಬರುವ ಅಕ್ಷರಗಳಿಗೂ ಅರ್ಥವಿದೆ. ಎಪಿಸಿ ಕಂಪನಿಯ ಪ್ರೊಪೆಲ್ಲರುಗಳಲ್ಲಿ ‘ಇ’ ಇದ್ದರೆ ವಿದ್ಯುತ್ ಮೋಟಾರಿಗಾಗಿ ಮಾಡಿದ ತೆಳು ಅಲಗಿನದು, ‘ಎಸ್‌ಎಫ್’ ಇದ್ದರೆ ನಿಧಾನವಾಗಿ ಹಾರುವ ಹಗುರ ವಿಮಾನಗಳಿಗೆ ಮಾಡಿದ ಸ್ಲೋ ಫ್ಲೈಯರ್ ಮಾದರಿಯದು, ಕೊನೆಯಲ್ಲಿ ‘ಪಿ’ ಇದ್ದರೆ ವಿರುದ್ಧ ದಿಕ್ಕಿನಲ್ಲಿ ತಿರುಗುವ ಪುಷರ್, ಎಂದರೆ ಹಿಂದೆ ನಿಂತು ವಿಮಾನವನ್ನು ತಳ್ಳುವಂಥದು.

ಪಿಚ್ ಎಂದರೆ ಸೈಕಲ್ಲಿನ ಗೇರ್ ಇದ್ದಂತೆ: ಕಡಿಮೆ ಪಿಚ್ ಏರು ದಾರಿಗೆ, ಹೆಚ್ಚು ಪಿಚ್ ಸಮತಟ್ಟಾದ ರಸ್ತೆಯಲ್ಲಿ ವೇಗಕ್ಕೆ. ವ್ಯಾಸ ಮಾಡುವ ಕೆಲಸ ಬೇರೆ. ಎಷ್ಟು ಗಾಳಿಯನ್ನು ಹಿಡಿದು ಹಿಂದಕ್ಕೆ ತಳ್ಳಬೇಕು ಎಂಬುದನ್ನು ಅದು ನಿರ್ಧರಿಸುತ್ತದೆ. ಹೆಚ್ಚು ಗಾಳಿಯನ್ನು ಮೆಲ್ಲಗೆ ತಳ್ಳುವುದು, ಸ್ವಲ್ಪ ಗಾಳಿಯನ್ನು ರಭಸದಿಂದ ತಳ್ಳುವುದಕ್ಕಿಂತ ಕಡಿಮೆ ಶಕ್ತಿ ಬೇಡುತ್ತದೆ. ಆದ್ದರಿಂದಲೇ ನಿಧಾನವಾಗಿ ಹಾರುವ ವಿಮಾನಕ್ಕೆ ದೊಡ್ಡ ಪ್ರೊಪೆಲ್ಲರನ್ನು ನಿಧಾನವಾಗಿ ತಿರುಗಿಸುವುದು ಲಾಭದಾಯಕ.

ಇನ್ನು ಒಂದು ಸಂಬಂಧವನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು. ಒಂದೇ ಸರಣಿಯ ಪ್ರೊಪೆಲ್ಲರುಗಳು ಬೇಡುವ ಶಕ್ತಿ ಸುಮಾರಾಗಿ ವ್ಯಾಸದ ನಾಲ್ಕನೇ ಘಾತ, ಪಿಚ್ ಮತ್ತು ಸುತ್ತಿನ ವೇಗದ ಮೂರನೇ ಘಾತ, ಈ ಮೂರರ ಗುಣಲಬ್ಧಕ್ಕೆ ಅನುಗುಣವಾಗಿರುತ್ತದೆ. ಪಿಚ್ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ ಬೇಡಿಕೆಯೂ ನೂರಕ್ಕೆ ಹತ್ತರಷ್ಟೇ ಹೆಚ್ಚುತ್ತದೆ. ವ್ಯಾಸ ನೂರಕ್ಕೆ ಹತ್ತರಷ್ಟು ಹೆಚ್ಚಿದರೆ, ಅದೇ ಆರ್‌ಪಿಎಂನಲ್ಲಿ (ನಿಮಿಷಕ್ಕೆ ಸುತ್ತುಗಳ ಸಂಖ್ಯೆ), ಬೇಡಿಕೆ ನೂರಕ್ಕೆ 46ರಷ್ಟು ಏರುತ್ತದೆ. 10 ಇಂಚಿನ ಬದಲು 11 ಇಂಚು ಹಾಕಿದಾಗ ‘ಒಂದೇ ಇಂಚು ತಾನೆ’ ಎಂದುಕೊಳ್ಳುವವರ ಮೋಟಾರು ಬಿಸಿಯಾಗುವುದು ಈ ಕಾರಣಕ್ಕೆ. ವ್ಯಾಸ ಒಂದು ಇಂಚು ಹೆಚ್ಚಿಸಿದಾಗ ಪಿಚ್ ಒಂದು ಇಂಚು ಇಳಿಸಿದರೆ ಭಾರ ಸರಿಹೋಗುತ್ತದೆ ಎಂಬ ಮಾತು ಮೈದಾನಗಳಲ್ಲಿ ಪ್ರಚಲಿತವಾಗಿದೆ. ಲೆಕ್ಕ ಹಾಕಿ ನೋಡಿದರೆ 10×6ಕ್ಕೆ ಸಮನಾದ ಭಾರ ಕೊಡುವುದು 11×5 ಅಲ್ಲ, 11×4. ಈ ಗಾತ್ರದ ಆಸುಪಾಸಿನಲ್ಲಿ ಒಂದು ಇಂಚು ವ್ಯಾಸವು ಎರಡು ಇಂಚು ಪಿಚ್‌ಗೆ ಸಮ ಎಂದು ತಿಳಿದುಕೊಳ್ಳುವುದೇ ಸುರಕ್ಷಿತ.

ಮೊದಲ ಹೆಜ್ಜೆ: ವಿಮಾನದ ಸ್ಟಾಲ್ ವೇಗ ತಿಳಿಯುವುದು

ರೆಕ್ಕೆಯು ವಿಮಾನವನ್ನು ಇನ್ನು ಹೊರಲಾರೆ ಎನ್ನುವ ಕನಿಷ್ಠ ವೇಗವೇ ಸ್ಟಾಲ್ ವೇಗ. ಇದನ್ನು ಕಂಡುಕೊಳ್ಳಲು ಬೇಕಾದದ್ದು ತಕ್ಕಡಿ ಮತ್ತು ಅಳತೆ ಪಟ್ಟಿ ಮಾತ್ರ. ಬ್ಯಾಟರಿ ಸಮೇತ ವಿಮಾನದ ತೂಕವನ್ನು ಕಿಲೋಗ್ರಾಂನಲ್ಲಿ ತೆಗೆದುಕೊಂಡು, ಚದರ ಮೀಟರಿನಲ್ಲಿ ಅಳೆದ ರೆಕ್ಕೆಯ ವಿಸ್ತೀರ್ಣದಿಂದ ಭಾಗಿಸಿ, ಬಂದ ಸಂಖ್ಯೆಯ ವರ್ಗಮೂಲವನ್ನು 3.8ರಿಂದ ಗುಣಿಸಿದರೆ ಸೆಕೆಂಡಿಗೆ ಇಷ್ಟು ಮೀಟರ್ ಎಂದು ಸ್ಟಾಲ್ ವೇಗ ಸಿಗುತ್ತದೆ. ಸಮುದ್ರಮಟ್ಟದ ಗಾಳಿ ಮತ್ತು ಸಾಮಾನ್ಯ ತರಬೇತಿ ವಿಮಾನದ ರೆಕ್ಕೆ ಇವೆರಡನ್ನು ಇಟ್ಟುಕೊಂಡು ಬಂದ ಸಂಖ್ಯೆ 3.8. ಕಿಲೋಮೀಟರಿಗೆ ಬದಲಿಸಲು 3.6ರಿಂದ ಗುಣಿಸಬೇಕು.

ಉದಾಹರಣೆಗೆ ಮೇಲು ರೆಕ್ಕೆಯ ಒಂದು ಟ್ರೈನರ್ ತೆಗೆದುಕೊಳ್ಳೋಣ. ರೆಕ್ಕೆಯ ಉದ್ದ 1.4 ಮೀಟರ್, ಅಗಲ 22 ಸೆಂಟಿಮೀಟರ್, ಒಟ್ಟು ತೂಕ 1.3 ಕಿಲೋ. ವಿಸ್ತೀರ್ಣ 0.308 ಚದರ ಮೀಟರ್. ಪ್ರತಿ ಚದರ ಮೀಟರಿಗೆ ಬೀಳುವ ಭಾರ 4.2 ಕಿಲೋ, ಅದರ ವರ್ಗಮೂಲ 2.05. ಸ್ಟಾಲ್ ವೇಗ ಸೆಕೆಂಡಿಗೆ 7.8 ಮೀಟರ್, ಅಂದರೆ ಗಂಟೆಗೆ ಸುಮಾರು 28 ಕಿ.ಮೀ. ಈ ವಿಮಾನವನ್ನು ಕೊನೆಯವರೆಗೂ ಜೊತೆಗಿಟ್ಟುಕೊಳ್ಳೋಣ.

ಎರಡನೇ ಹೆಜ್ಜೆ: ಪಿಚ್ ವೇಗದಿಂದ ಪಿಚ್

ಪಿಚ್ ಅನ್ನು ಆರ್‌ಪಿಎಂನಿಂದ ಗುಣಿಸಿದಾಗ ಬರುವ ವೇಗವನ್ನು ಪಿಚ್ ವೇಗ ಎನ್ನುತ್ತಾರೆ. ಸಾವಿರ ಸುತ್ತಿಗೆ, ಒಂದು ಇಂಚು ಪಿಚ್‌ಗೆ, ಗಂಟೆಗೆ 1.52 ಕಿ.ಮೀ. ಎಂದು ಲೆಕ್ಕ ಹಿಡಿದರೆ ಸಾಕು. ವಿಮಾನದ ವೇಗ ಪಿಚ್ ವೇಗದ ಹತ್ತಿರಕ್ಕೆ ಬಂದಂತೆ ಪ್ರೊಪೆಲ್ಲರಿನ ನೂಕುಬಲ ಕುಗ್ಗುತ್ತಾ ಹೋಗುವುದರಿಂದ ಸಮತಟ್ಟು ಹಾರಾಟದ ಗರಿಷ್ಠ ವೇಗ ಸಾಮಾನ್ಯವಾಗಿ ಅದಕ್ಕಿಂತ ಕೆಳಗೇ ನಿಲ್ಲುತ್ತದೆ. ತರಬೇತಿ ಮತ್ತು ಸಾಮಾನ್ಯ ಕ್ರೀಡಾ ವಿಮಾನಗಳಿಗೆ ಪಿಚ್ ವೇಗವು ಸ್ಟಾಲ್ ವೇಗದ ಎರಡೂವರೆಯಿಂದ ಮೂರು ಪಟ್ಟು ಇರಬೇಕೆಂಬುದು ಅನುಭವದಿಂದ ನೆಲೆಗೊಂಡ ನಿಯಮ. ಎರಡು ಪಟ್ಟಿಗಿಂತ ಕಡಿಮೆಯಾದರೆ ವಿಮಾನ ಎದುರುಗಾಳಿಯಲ್ಲಿ ನಿಂತಲ್ಲೇ ನಿಲ್ಲುವಂತಾಗುತ್ತದೆ. ಗಾಳಿಯಲ್ಲಿ ನೇತಾಡುತ್ತಾ ಕಸರತ್ತು ಮಾಡುವ 3ಡಿ ವಿಮಾನಗಳಲ್ಲಿ ಇದಕ್ಕಿಂತ ಕಡಿಮೆಗೂ, ರೇಸ್ ವಿಮಾನಗಳಲ್ಲಿ ಬಹಳ ಹೆಚ್ಚಿಗೂ ಹೋಗುತ್ತಾರೆ.

ಇದಕ್ಕೆ ಆರ್‌ಪಿಎಂ ತಿಳಿದಿರಬೇಕು. ಮೋಟಾರಿನ ಕೆವಿ ಎಂದರೆ ಭಾರವಿಲ್ಲದಾಗ ಒಂದು ವೋಲ್ಟಿಗೆ ಎಷ್ಟು ಸುತ್ತು ಎಂಬ ಸಂಖ್ಯೆ. ಪ್ರೊಪೆಲ್ಲರ್ ಹಾಕಿದ ಮೇಲೆ ಅದರ ನೂರಕ್ಕೆ 75ರಿಂದ 80ರಷ್ಟು ಸಿಗುತ್ತದೆ ಎಂದು ಎಣಿಸಬಹುದು. ನಮ್ಮ ಟ್ರೈನರಿಗೆ 1000 ಕೆವಿ ಮೋಟಾರು, 3ಎಸ್ (ಸರಣಿಯಲ್ಲಿ ಮೂರು ಕೋಶಗಳ) ಲಿಥಿಯಂ ಪಾಲಿಮರ್, ಅಂದರೆ ಲಿಪೋ, ಬ್ಯಾಟರಿ ಇದೆ ಎಂದುಕೊಳ್ಳಿ. ಪೂರ್ತಿ ತುಂಬಿದಾಗ 12.6 ವೋಲ್ಟ್ ಇರುವ ಈ ಬ್ಯಾಟರಿ ಭಾರ ಬಿದ್ದಾಗ ಸುಮಾರು 11 ವೋಲ್ಟಿಗೆ ಇಳಿಯುತ್ತದೆ. 11,000ದ ನೂರಕ್ಕೆ 78 ಎಂದರೆ ಸುಮಾರು 8,600 ಆರ್‌ಪಿಎಂ. 5 ಇಂಚು ಪಿಚ್‌ಗೆ ಪಿಚ್ ವೇಗ ಗಂಟೆಗೆ 66 ಕಿ.ಮೀ., 6 ಇಂಚಿಗೆ 79 ಕಿ.ಮೀ., 7 ಇಂಚಿಗೆ 92 ಕಿ.ಮೀ. ಆಗುತ್ತದೆ. ನಮಗೆ ಬೇಕಾದದ್ದು 70ರಿಂದ 84ರ ನಡುವೆ. ಆದ್ದರಿಂದ 6 ಇಂಚಿನ ಆಸುಪಾಸು ಸರಿಯಾದ ಪಿಚ್.

ಮೂರನೇ ಹೆಜ್ಜೆ: ಶಕ್ತಿಯ ಬಜೆಟ್‌ನಿಂದ ವ್ಯಾಸ

ವಿಮಾನಕ್ಕೆ ಎಷ್ಟು ವ್ಯಾಟ್ ಬೇಕು ಎಂಬುದಕ್ಕೆ ಒಂದು ಒಪ್ಪಿತ ಅಂದಾಜು ಇದೆ. ಬ್ಯಾಟರಿಯಿಂದ ಎಳೆಯುವ ಶಕ್ತಿಯ ಲೆಕ್ಕದಲ್ಲಿ ಕಿಲೋ ತೂಕಕ್ಕೆ 110ರಿಂದ 150 ವ್ಯಾಟ್ ನಿಧಾನದ ಹಾರಾಟಕ್ಕೆ, 150ರಿಂದ 200 ವ್ಯಾಟ್ ಟ್ರೈನರಿಗೆ, 220ರ ಸುತ್ತಮುತ್ತ ಕಸರತ್ತಿನ ವಿಮಾನಕ್ಕೆ, 330 ಮತ್ತು ಅದಕ್ಕಿಂತ ಹೆಚ್ಚು 3ಡಿಗೆ. ನಮ್ಮ 1.3 ಕಿಲೋ ಟ್ರೈನರಿಗೆ ಕಿಲೋಗೆ 180 ವ್ಯಾಟಿನಂತೆ 234 ವ್ಯಾಟ್, ಅಂದರೆ 11 ವೋಲ್ಟಿನಲ್ಲಿ ಸುಮಾರು 21 ಆಂಪಿಯರ್ ಬೇಕು. ಮೋಟಾರು ಅಷ್ಟನ್ನು ನಿರಂತರವಾಗಿ ತಡೆದುಕೊಳ್ಳಬಲ್ಲದೇ ಎಂದು ಅದರ ವಿವರಪಟ್ಟಿಯಲ್ಲಿ ಮೊದಲೇ ನೋಡಿಕೊಳ್ಳಬೇಕು. ಪಟ್ಟಿಯಲ್ಲಿ ‘60 ಸೆಕೆಂಡಿಗೆ’ ಎಂದು ಬರೆದ ಆಂಪಿಯರ್ ನಿರಂತರ ಹಾರಾಟದ ಆಂಪಿಯರ್ ಅಲ್ಲ. ಮೋಟಾರಿನ ವೇಗ ನಿಯಂತ್ರಿಸುವ ಇಎಸ್‌ಸಿ ಈ ಸಂಖ್ಯೆಗಿಂತ ಕಾಲು ಭಾಗವಾದರೂ ಹೆಚ್ಚಿನದಿರಲಿ. ಇಲ್ಲಿ 30 ಆಂಪಿಯರಿನದು ಸಾಕು.

ಈಗ ವ್ಯಾಸ. ತೆಳು ಅಲಗಿನ ವಿದ್ಯುತ್ ಪ್ರೊಪೆಲ್ಲರುಗಳಿಗೆ ಹೊಂದುವ ಸರಳ ಸೂತ್ರ ಹೀಗಿದೆ: ವ್ಯಾಸದ ನಾಲ್ಕನೇ ಘಾತವನ್ನು ಪಿಚ್‌ನಿಂದ ಗುಣಿಸಿ (ಎರಡೂ ಇಂಚಿನಲ್ಲಿ), ಅದನ್ನು ಸಾವಿರಗಳಲ್ಲಿ ಬರೆದ ಆರ್‌ಪಿಎಂನ ಮೂರನೇ ಘಾತದಿಂದ ಗುಣಿಸಿ, 2,30,000ದಿಂದ ಭಾಗಿಸಿದರೆ ಪ್ರೊಪೆಲ್ಲರ್ ಬೇಡುವ ವ್ಯಾಟ್ ಸಿಗುತ್ತದೆ. 10×6ಕ್ಕೆ 8,600 ಆರ್‌ಪಿಎಂನಲ್ಲಿ ಇದು 166 ವ್ಯಾಟ್. ಮೋಟಾರು ಮತ್ತು ಇಎಸ್‌ಸಿಗಳ ಒಟ್ಟು ದಕ್ಷತೆಯನ್ನು ನೂರಕ್ಕೆ 78 ಎಂದು ಹಿಡಿದರೆ ಬ್ಯಾಟರಿಯಿಂದ ಹೋಗುವುದು 213 ವ್ಯಾಟ್, 19 ಆಂಪಿಯರ್. ನಮ್ಮ ಬಜೆಟ್ಟಿಗೆ ಇದು ಸ್ವಲ್ಪ ಕೆಳಗೆ ಬಂದು ಕೂರುತ್ತದೆ. 11×5.5 ಹಾಕಿದರೆ ಇದೇ ಲೆಕ್ಕ 285 ವ್ಯಾಟ್, 26 ಆಂಪಿಯರ್ ತೋರಿಸುತ್ತದೆ. ಅಷ್ಟು ಭಾರಕ್ಕೆ ಆರ್‌ಪಿಎಂ ತುಸು ಇಳಿಯುವುದರಿಂದ ನಿಜವಾದ ಸಂಖ್ಯೆ ಇದಕ್ಕಿಂತ ಕಡಿಮೆಯಿದ್ದರೂ ಬಜೆಟ್ಟನ್ನು ಮೀರುತ್ತದೆ. ಹಾಗಾಗಿ ಕಾಗದದ ಮೇಲಿನ ಮೊದಲ ಆಯ್ಕೆ 10×6.

ಇಷ್ಟೆಲ್ಲ ಲೆಕ್ಕ ಮಾಡುವ ಬದಲು ಮೋಟಾರು ತಯಾರಕರ ಪಟ್ಟಿಯನ್ನೇ ನಂಬಬಾರದೇ ಎಂದು ಕೇಳಬಹುದು. ಆ ಪಟ್ಟಿ ನಿಂತಲ್ಲಿ ಅಳೆದ ನೂಕುಬಲವನ್ನು ಗ್ರಾಂನಲ್ಲಿ ಹೇಳುತ್ತದೆ, ಗಾಳಿಯಲ್ಲಿ ಸಾಗುವಾಗಿನದನ್ನಲ್ಲ. ನಿಂತಲ್ಲಿ 10×4.5 ಎಷ್ಟೋ ಸಲ 10×7ಕ್ಕಿಂತ ಚೆನ್ನಾಗಿ ಕಾಣುತ್ತದೆ. ಏಕೆಂದರೆ ಪಿಚ್ ಹೆಚ್ಚಿರುವ ಅಲಗಿನ ಓರೆ ಹೆಚ್ಚು, ಮುಂದಿನಿಂದ ಗಾಳಿ ನುಗ್ಗದಿದ್ದಾಗ ಆ ಅಲಗೇ ಭಾಗಶಃ ಸ್ಟಾಲ್ ಆಗಿರುತ್ತದೆ, ಅಂದರೆ ಗಾಳಿ ಅಲಗಿನ ಮೈಬಿಟ್ಟು ಕದಡಿಹೋಗಿರುತ್ತದೆ. ಅಲಗೂ ಒಂದು ರೆಕ್ಕೆಯೇ ಎಂಬುದನ್ನು ಮರೆಯಬಾರದು. ರೈಟ್ ಸಹೋದರರು 1903ರ ವಿಮಾನಕ್ಕೆ ಪ್ರೊಪೆಲ್ಲರ್ ಕೆತ್ತಿದ್ದು ಅದನ್ನು ತಿರುಗುವ ರೆಕ್ಕೆ ಎಂದು ಬಗೆದೇ. ಪಿಚ್‌ನ ಸಂಖ್ಯೆ ವ್ಯಾಸದ ಮುಕ್ಕಾಲು ಭಾಗವನ್ನು ಸಮೀಪಿಸಿದಂತೆ ಓಡುದಾರಿಯ ಆರಂಭದ ಎಳೆತ ದುರ್ಬಲವಾಗುತ್ತದೆ, ವೇಗ ಬಂದ ಮೇಲೆ ಅಲಗು ಎಚ್ಚೆತ್ತು ಎಳೆಯತೊಡಗುತ್ತದೆ. ಹುಲ್ಲಿನ ಮೈದಾನದಿಂದ ಮೇಲೇಳಬೇಕಾದ ಅಥವಾ ಕೈಯಿಂದ ಎಸೆಯಬೇಕಾದ ವಿಮಾನದಲ್ಲಿ ಇದು ಸಣ್ಣ ವಿಷಯವಲ್ಲ. ಚಲಿಸುವ ಗಾಳಿಯಲ್ಲಿ ಅಳೆದ ಅಂಕಿಗಳು ಬೇಕಾದವರಿಗೆ ಅಮೆರಿಕದ ಅರ್ಬಾನಾ-ಶಾಂಪೇನ್‌ನಲ್ಲಿರುವ ಇಲಿನಾಯ್ ವಿಶ್ವವಿದ್ಯಾಲಯವು ಅನೇಕ ಮಾದರಿ ಪ್ರೊಪೆಲ್ಲರುಗಳನ್ನು ವಾಯು ಸುರಂಗದಲ್ಲಿ ಪರೀಕ್ಷಿಸಿ ಎಲ್ಲರಿಗೂ ತೆರೆದಿಟ್ಟಿರುವ ದತ್ತಾಂಶವಿದೆ. ಎಂಜಿನಿಯರಿಂಗ್ ವಿದ್ಯಾರ್ಥಿಗಳು ಭಾರ ಹೊರುವ ವಿಮಾನಗಳ ಸ್ಪರ್ಧೆಗೆ ಸಿದ್ಧರಾಗುವಾಗ ನೋಡಬೇಕಾದದ್ದು ಅದನ್ನೇ.

ನಿಮ್ಮ ಊರಿನ ಗಾಳಿ

ಮೇಲಿನ ಲೆಕ್ಕವೆಲ್ಲ ಸಮುದ್ರಮಟ್ಟದ ಗಾಳಿಗೆ ಸರಿ. ಮಂಗಳೂರು, ಕಾರವಾರದವರಿಗೆ ಇದು ಹೆಚ್ಚುಕಡಿಮೆ ಹಾಗೆಯೇ ಹೊಂದುತ್ತದೆ. ಆದರೆ ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ. 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ದಿನ ಅಲ್ಲಿನ ಗಾಳಿಯ ಸಾಂದ್ರತೆ ಘನ ಮೀಟರಿಗೆ ಸುಮಾರು 1.06 ಕಿಲೋ. ಪಠ್ಯಪುಸ್ತಕದ ಲೆಕ್ಕಗಳು ಬಳಸುವುದು 1.225. ಅಂದರೆ ನೂರಕ್ಕೆ 13ರಷ್ಟು ಕಡಿಮೆ. ಪ್ರೊಪೆಲ್ಲರಿನ ನೂಕುಬಲವೂ ಅದು ಬೇಡುವ ಶಕ್ತಿಯೂ ಒಂದೇ ಆರ್‌ಪಿಎಂನಲ್ಲಿ ಅಷ್ಟೇ ಪ್ರಮಾಣದಲ್ಲಿ ಕುಗ್ಗುತ್ತವೆ. ಸ್ಟಾಲ್ ವೇಗ ಮಾತ್ರ ಏರುತ್ತದೆ: ನಮ್ಮ ಟ್ರೈನರಿನದು 28ರಿಂದ 30 ಕಿ.ಮೀ.ಗೆ. ಮೈಸೂರು, ಹುಬ್ಬಳ್ಳಿಗಳು ಈ ಎರಡರ ನಡುವೆ ಬರುತ್ತವೆ.

ವಿದ್ಯುತ್ ಮೋಟಾರಿನವರಿಗೆ ಇದರಲ್ಲಿ ಒಂದು ಅನುಕೂಲವೂ ಇದೆ. ಮೋಟಾರು ಗಾಳಿಯನ್ನು ಉಸಿರಾಡುವುದಿಲ್ಲ. ಎತ್ತರದಲ್ಲಿ ಅದರ ಶಕ್ತಿ ಕಡಿಮೆಯಾಗುವುದಿಲ್ಲ, ಹೊರುವ ಭಾರ ಮಾತ್ರ ಕಡಿಮೆಯಾಗುತ್ತದೆ. ಬೆಂಗಳೂರಿನಲ್ಲಿ ಅದೇ 10×6 ಸುಮಾರು 185 ವ್ಯಾಟ್ ಎಳೆದು ಸುಮ್ಮನಾಗುತ್ತದೆ, ಬಜೆಟ್ಟಿನ 50 ವ್ಯಾಟ್ ಬಳಕೆಯಾಗದೆ ಉಳಿಯುತ್ತದೆ. ಕರಾವಳಿಯಲ್ಲಿ ಮಿತಿ ಮೀರುತ್ತಿದ್ದ 11×5.5 ಇಲ್ಲಿ 248 ವ್ಯಾಟ್, ಅಂದಾಜು 22 ಆಂಪಿಯರಿಗೆ ಬಂದು ನಿಲ್ಲುತ್ತದೆ. ಅದರ ಪಿಚ್ ವೇಗ 72 ಕಿ.ಮೀ.; ಸ್ಟಾಲ್ ವೇಗದ ಎರಡೂವರೆ ಪಟ್ಟಿಗಿಂತ ಕೂದಲೆಳೆಯಷ್ಟು ಕಡಿಮೆ, ಕಲಿಯುವವರಿಗೆ ಅಡ್ಡಿಯಿಲ್ಲ. ಆಷಾಢದ ಗಾಳಿ ಬೀಸುವ ದಿನಗಳಲ್ಲಿ ಹಾರಿಸುವುದಾದರೆ 10×7 ಮೇಲು. ಅದು ಬೆಂಗಳೂರಿನಲ್ಲಿ ಸುಮಾರು 216 ವ್ಯಾಟ್ ಎಳೆದು 92 ಕಿ.ಮೀ. ಪಿಚ್ ವೇಗ ಕೊಡುತ್ತದೆ. ಹೀಗೆ ಆರಿಸಿದ ಪ್ರೊಪೆಲ್ಲರನ್ನು ಘಟ್ಟ ಇಳಿದು ಕಡಲ ಬದಿಯ ಮೈದಾನಕ್ಕೆ ಒಯ್ದರೆ ಅಲ್ಲಿ ಮತ್ತೆ ಆಂಪಿಯರ್ ಅಳೆಯದೆ ಪೂರ್ತಿ ಥ್ರಾಟಲ್ ಕೊಡಬಾರದು.

ನಾಲ್ಕನೇ ಹೆಜ್ಜೆ: ಆರ್‌ಪಿಎಂ ಮಿತಿ, ಜಾತಿ ಮತ್ತು ಜಾಗ

ಸುರಕ್ಷತೆಯ ದೃಷ್ಟಿಯಿಂದ ಈ ಬರಹದಲ್ಲಿ ಅತಿ ಮುಖ್ಯವಾದ ಭಾಗ ಇದು. ಗಾತ್ರ ಒಂದೇ ಇದ್ದರೂ ಎಲ್ಲ ಪ್ರೊಪೆಲ್ಲರುಗಳೂ ಒಂದೇ ವೇಗವನ್ನು ತಡೆಯುವುದಿಲ್ಲ. ಎಪಿಸಿ ತನ್ನ ಸ್ಲೋ ಫ್ಲೈಯರ್ ಸರಣಿಗೆ ಕೊಟ್ಟಿರುವ ಮಿತಿ 65,000ವನ್ನು ವ್ಯಾಸದಿಂದ ಭಾಗಿಸಿದಷ್ಟು ಆರ್‌ಪಿಎಂ. 10 ಇಂಚಿನದಕ್ಕೆ 6,500. ಅದೇ ಕಂಪನಿಯ ತೆಳು ಅಲಗಿನ ವಿದ್ಯುತ್ ಸರಣಿಯ ಮಿತಿ ಇದರ ಎರಡು ಪಟ್ಟಿಗೂ ಹೆಚ್ಚು. ನಮ್ಮ ಟ್ರೈನರಿನ ಮೋಟಾರು 8,600ರ ಸುತ್ತ ತಿರುಗುತ್ತದೆ. ಅದರಲ್ಲಿ ಸ್ಲೋ ಫ್ಲೈಯರ್ ಹಾಕುವುದೆಂದರೆ ಮಿತಿಯನ್ನು ಮೂರನೇ ಒಂದು ಭಾಗದಷ್ಟು ಮೀರಿದಂತೆ. ಅಗಲವಾದ, ಬಳುಕುವ ಅಲಗಿನ ಅಗ್ಗದ ಡ್ರೋನ್ ಪ್ರೊಪೆಲ್ಲರುಗಳನ್ನೂ ಮಿತಿ ತಿಳಿಯದೆ ವಿಮಾನಕ್ಕೆ ಹಾಕಬಾರದು. ಪ್ಯಾಕೆಟ್ ಮೇಲೆ ಮಿತಿ ಬರೆಯದ ಪ್ರೊಪೆಲ್ಲರನ್ನು ಕೊಳ್ಳದಿರುವುದು ಉತ್ತಮ ಎಂದೇ ಹೇಳುತ್ತೇನೆ.

ವಿದ್ಯುತ್ ಮೋಟಾರಿನ ಪ್ರೊಪೆಲ್ಲರನ್ನು ಗ್ಲೋ ಅಥವಾ ಪೆಟ್ರೋಲ್ ಎಂಜಿನ್‌ಗೆ ಎಂದಿಗೂ ಹಾಕಬಾರದು. ಎಂಜಿನ್ ಪ್ರತಿ ಸ್ಫೋಟಕ್ಕೂ ಅಲಗಿಗೆ ಪೆಟ್ಟು ಕೊಡುತ್ತದೆ. ತೆಳುವಾದ ಬುಡ ಅದನ್ನು ತಡೆಯದು. ತಿರುಗಾಮುರುಗಾ ಮಾಡುವುದರಿಂದ, ಎಂದರೆ ಎಂಜಿನ್ ಪ್ರೊಪೆಲ್ಲರನ್ನು ಮೋಟಾರಿಗೆ ಹಾಕುವುದರಿಂದ, ಅಪಾಯವೇನೂ ಇಲ್ಲ. ತೂಕ ಹೆಚ್ಚು, ದಕ್ಷತೆ ಸ್ವಲ್ಪ ಕಡಿಮೆ, ಅಷ್ಟೆ.

ವಸ್ತುವಿನ ಬಗ್ಗೆ ಸಂಕ್ಷೇಪವಾಗಿ: ಗಾಜಿನ ನಾರು ಸೇರಿಸಿದ ನೈಲಾನ್ ದಿನಬಳಕೆಗೆ ಸಾಕು. ಮರದ್ದು ಹಗುರ, ಗಡುಸು, ನೆಲಕ್ಕೆ ತಾಗಿದರೆ ಮುರಿದು ಮೋಟಾರಿನ ಶಾಫ್ಟ್ ಉಳಿಸುತ್ತದೆ. ದೊಡ್ಡ ಪೆಟ್ರೋಲ್ ಎಂಜಿನ್‌ಗಳಿಗೆ ನನ್ನ ಮೆಚ್ಚುಗೆ ಅದಕ್ಕೇ. ಕಾರ್ಬನ್ ಅಲಗುಗಳು ಬಳುಕುವುದಿಲ್ಲ, ಬೆಲೆ ಹೆಚ್ಚು, ಅಂಚು ಚಾಕುವಿನಷ್ಟು ಹರಿತ. ಮೋಟಾರು ಇರುವ ಗ್ಲೈಡರಿಗೆ ಮಡಚುವ ಅಲಗಿನದನ್ನು ಬಿಟ್ಟು ಬೇರೆಯದನ್ನು ಹಾಕಲು ಕಾರಣವಿಲ್ಲ. ಮೋಟಾರು ನಿಂತಾಗ ಅಲಗುಗಳು ಹಿಂದಕ್ಕೆ ಒರಗಿ ಗಾಳಿಯ ಅಡ್ಡಿ ಕಡಿಮೆಯಾಗುತ್ತದೆ.

ನೆಲದ ಅಂತರವನ್ನೂ ನೋಡಬೇಕು. ಬಾಲವನ್ನು ಎತ್ತಿ ವಿಮಾನವನ್ನು ಸಮತಟ್ಟಾಗಿ ಹಿಡಿದಾಗ ಅಲಗಿನ ತುದಿಗೂ ನೆಲಕ್ಕೂ ಕನಿಷ್ಠ ಎರಡೂವರೆ ಸೆಂಟಿಮೀಟರ್ ಇರಲಿ, ಹುಲ್ಲಿನ ಮೈದಾನದಲ್ಲಿ ಇನ್ನೂ ಹೆಚ್ಚು. ಅಷ್ಟು ಜಾಗ ಇಲ್ಲದಿದ್ದಾಗ ಮೂರು ಅಲಗಿನ ಪ್ರೊಪೆಲ್ಲರ್ ನೆರವಿಗೆ ಬರುತ್ತದೆ. ಎರಡು ಅಲಗಿನದಕ್ಕಿಂತ ಒಂದು ಇಂಚು ಕಡಿಮೆ ವ್ಯಾಸ, ಅದೇ ಪಿಚ್ ಎಂಬುದು ಆರಂಭಕ್ಕೆ ಸರಿಯಾದ ಅಂದಾಜು. ಹಳೆಯ ಯುದ್ಧವಿಮಾನಗಳ ಮಾದರಿಯಲ್ಲಿ ಅಂದಕ್ಕಾಗಿಯೂ ಇದನ್ನು ಬಳಸುತ್ತಾರೆ. ಜಾಗವಿದ್ದರೆ ಎರಡು ಅಲಗಿನದೇ ದಕ್ಷ.

ಐದನೇ ಹೆಜ್ಜೆ: ಸಮತೋಲನ ಮತ್ತು ಜೋಡಣೆ

ಹೊಸದಾಗಿ ಕೊಂಡದ್ದೆಂದು ಪ್ರೊಪೆಲ್ಲರ್ ಸಮತೋಲನದಲ್ಲಿರುತ್ತದೆ ಎಂದು ತಿಳಿಯಬಾರದು. ಅಯಸ್ಕಾಂತದ ಬ್ಯಾಲೆನ್ಸರಿನಲ್ಲಿ ಅಡ್ಡಲಾಗಿ ಇಟ್ಟು ಬಿಟ್ಟಾಗ ಯಾವ ಅಲಗು ಕೆಳಗಿಳಿಯುತ್ತದೋ ಅದು ಭಾರ. ಆ ಅಲಗಿನ ಹಿಂಬದಿಯನ್ನು ನಯವಾದ ಉಜ್ಜುಕಾಗದದಿಂದ ಉದ್ದಕ್ಕೂ ಸಮನಾಗಿ ತಿಕ್ಕಬೇಕು, ಇಲ್ಲವೇ ಹಗುರವಾದ ಅಲಗಿನ ಹಿಂಬದಿಗೆ ಪಾರದರ್ಶಕ ಟೇಪಿನ ಸಣ್ಣ ತುಂಡು ಅಂಟಿಸಬೇಕು. ತುದಿಯನ್ನು ಕತ್ತರಿಸುವುದು, ಗಾಳಿಯನ್ನು ಸೀಳುವ ಮುಂದಿನ ಅಂಚನ್ನು ತಿಕ್ಕುವುದು, ಇವೆರಡೂ ಕೂಡದು. ಮರದ ಪ್ರೊಪೆಲ್ಲರಾದರೆ ಹಗುರ ಅಲಗಿಗೆ ಒಂದು ಕೋಟು ವಾರ್ನಿಶ್ ಬಳಿಯುವುದು ಸೊಗಸಾದ ಉಪಾಯ. ಅದುರುವ ಪ್ರೊಪೆಲ್ಲರು ಮೋಟಾರಿನ ಬೇರಿಂಗನ್ನು ಸವೆಸುತ್ತದೆ, ಸ್ಕ್ರೂಗಳನ್ನು ಸಡಿಲಿಸುತ್ತದೆ.

ನಡುವಿನ ತೂತು ಶಾಫ್ಟಿಗಿಂತ ದೊಡ್ಡದಿದ್ದರೆ ಪ್ಯಾಕೆಟ್ಟಿನಲ್ಲಿ ಬರುವ ಸರಿಯಾದ ಅಳತೆಯ ಉಂಗುರ ಹಾಕಬೇಕು; ಚಿಕ್ಕದಿದ್ದರೆ ರೀಮರ್‌ನಿಂದ ಹಿಗ್ಗಿಸಬೇಕು. ಕೈ ಡ್ರಿಲ್ಲಿನಿಂದ ಕೊರೆದರೆ ಕೇಂದ್ರ ತಪ್ಪುವುದು ಬಹುತೇಕ ಖಚಿತ. ಅಕ್ಷರ, ಅಂಕಿಗಳು ಅಚ್ಚಾಗಿರುವ ಮುಖ ವಿಮಾನ ಹಾರುವ ದಿಕ್ಕಿಗೆ ಇರಬೇಕು, ಪುಷರ್ ವಿಮಾನದಲ್ಲಿ ಕೂಡ. ಹಿಂದುಮುಂದಾಗಿ ಹಾಕಿದರೂ ಅದು ಅದೇ ದಿಕ್ಕಿಗೆ ಎಳೆಯುತ್ತದೆ, ಆದರೆ ಬಹಳ ದುರ್ಬಲವಾಗಿ. ಅದಕ್ಕೇ ಈ ದೋಷ ಬೇಗ ಗೊತ್ತಾಗುವುದಿಲ್ಲ.

ಆರನೇ ಹೆಜ್ಜೆ: ವ್ಯಾಟ್‌ಮೀಟರಿನ ಮುಂದೆ

ಮೋಟಾರು ತಿರುಗುವ ದಿಕ್ಕು, ಥ್ರಾಟಲ್, ಸಿಗ್ನಲ್ ಕಡಿದಾಗ ಮೋಟಾರು ನಿಲ್ಲುತ್ತದೆಯೇ ಎಂಬ ಪರೀಕ್ಷೆ, ಇವನ್ನೆಲ್ಲ ಪ್ರೊಪೆಲ್ಲರ್ ಇಲ್ಲದೆಯೇ ಮುಗಿಸಿಕೊಳ್ಳಿ. ನಂತರ ಪ್ರೊಪೆಲ್ಲರ್ ಬಿಗಿದು, ವಿಮಾನವನ್ನು ಗಟ್ಟಿಯಾಗಿ ಕಟ್ಟಿ, ಬ್ಯಾಟರಿ ಮತ್ತು ಇಎಸ್‌ಸಿ ನಡುವೆ ಮೀಟರ್ ಜೋಡಿಸಿ, ವಿಮಾನದ ಹಿಂದೆ ನಿಲ್ಲಬೇಕು. ಅಲಗು ಮುರಿದರೆ ಚೂರು ಹಾರುವುದು ಪಕ್ಕಕ್ಕೆ, ಅದು ತಿರುಗುವ ಸಮತಲದಲ್ಲಿ. ಆ ಸಾಲಿನಲ್ಲಿ ನೀವೂ ಇರಬಾರದು, ನೋಡಲು ಬಂದ ಮಕ್ಕಳೂ ಇರಬಾರದು.

ಬ್ಯಾಟರಿ ಪೂರ್ತಿ ತುಂಬಿರಲಿ, ಏಕೆಂದರೆ ಅತಿ ಹೆಚ್ಚು ಆಂಪಿಯರ್ ಹರಿಯುವುದು ಆಗಲೇ. ಥ್ರಾಟಲ್ಲನ್ನು ನಿಧಾನವಾಗಿ ಏರಿಸುತ್ತಾ, ಮಿತಿಯ ಹತ್ತಿರ ಬಂದರೆ ಅಲ್ಲೇ ನಿಲ್ಲಿಸಿ. ಬರದಿದ್ದರೆ ಪೂರ್ತಿ ಥ್ರಾಟಲ್‌ನಲ್ಲಿ ಐದಾರು ಸೆಕೆಂಡಿನಲ್ಲಿ ಅಂಕಿ ಓದಿ ಬರೆದುಕೊಳ್ಳಿ. ಆನಂತರ ಅರ್ಧ ನಿಮಿಷ ಓಡಿಸಿ, ಬ್ಯಾಟರಿ ಕಳಚಿ, ಮೋಟಾರನ್ನು ಮುಟ್ಟಿ ನೋಡಿ. ಬೆರಳು ಇಟ್ಟುಕೊಳ್ಳಲಾಗದಷ್ಟು ಬಿಸಿಯಿದ್ದರೆ ಪ್ರೊಪೆಲ್ಲರ್ ದೊಡ್ಡದಾಯಿತು ಎಂದೇ ಅರ್ಥ. ಸಾಮಾನ್ಯ ದರ್ಜೆಯ ನಿಯೋಡೈಮಿಯಂ ಅಯಸ್ಕಾಂತಗಳ ತಾಳಿಕೆಯ ಮಿತಿ 80 ಡಿಗ್ರಿ ಸೆಲ್ಸಿಯಸ್. ಅದನ್ನು ದಾಟಿದರೆ ಕಾಂತಶಕ್ತಿ ಕುಂದಿ, ಆ ಮೋಟಾರು ಮತ್ತೆ ಮೊದಲಿನಂತಾಗುವುದಿಲ್ಲ.

ಹಾರಾಟದಲ್ಲಿ ಗಾಳಿ ಎದುರಾಗಿ ಬರುವುದರಿಂದ ಪ್ರೊಪೆಲ್ಲರಿನ ಭಾರ ಇಳಿದು, ಆಂಪಿಯರ್ ಕಡಿಮೆಯಾಗಿ, ಆರ್‌ಪಿಎಂ ತುಸು ಏರುತ್ತದೆ. ಆ ಭರವಸೆಯಿಂದ ನೆಲದ ಮೇಲೆ ಮಿತಿ ಮೀರಿಸುವುದನ್ನು ನಾನು ಒಪ್ಪುವುದಿಲ್ಲ. ನಿಧಾನವಾಗಿ ಮೇಲೇರುವಾಗ, ಅದರಲ್ಲೂ ಮೂಗು ಮೇಲೆ ಮಾಡಿ ನೇತಾಡುವಾಗ, ಪರಿಸ್ಥಿತಿ ನೆಲದ ಮೇಲಿನಂತೆಯೇ ಇರುತ್ತದೆ. ಆಪ್ಟಿಕಲ್ ಟ್ಯಾಕೋಮೀಟರ್ ಇದ್ದರೆ ಆರ್‌ಪಿಎಂ ಕೂಡ ಅಳೆದು ಎರಡನೇ ಹೆಜ್ಜೆಯ ಪಿಚ್ ವೇಗವನ್ನು ನಿಜವಾದ ಸಂಖ್ಯೆಯಿಂದ ಮತ್ತೆ ಲೆಕ್ಕ ಹಾಕಿ. ಈ ಉಪಕರಣ ಸರಿಯಿದೆಯೇ ಎಂದು ನೋಡಲು ಹಳೆಯ ಚೋಕ್ ಇರುವ ಟ್ಯೂಬ್‌ಲೈಟಿಗೆ ಹಿಡಿದರೆ ಸಾಕು. ನಮ್ಮ ದೇಶದ 50 ಹರ್ಟ್ಜ್ ವಿದ್ಯುತ್ತಿನಲ್ಲಿ, ಎರಡು ಅಲಗಿನ ಸೆಟ್ಟಿಂಗಿನಲ್ಲಿ, ಅದು 3,000 ತೋರಿಸಬೇಕು. ಅಳತೆ ಮಾಡುವಾಗ ಅಂಥ ದೀಪದ ಕೆಳಗೆ ಇರಬಾರದು ಎಂಬುದೂ ಇದರಿಂದಲೇ ತಿಳಿಯುತ್ತದೆ.

ಗ್ಲೋ ಎಂಜಿನ್ ಇದ್ದವರಿಗೆ

ಇಲ್ಲಿ ಆಯ್ಕೆಯ ಹರವು ಚಿಕ್ಕದು, ಏಕೆಂದರೆ ಎಂಜಿನ್ ತನಗೆ ಹಿತವಾದ ಆರ್‌ಪಿಎಂನಲ್ಲಿ ಮಾತ್ರ ಚೆನ್ನಾಗಿ ಓಡುತ್ತದೆ. 25 ಗಾತ್ರದ (ಅಂದರೆ 0.25 ಘನ ಇಂಚಿನ) ಎರಡು ಸ್ಟ್ರೋಕ್ ಎಂಜಿನ್‌ಗೆ 9×5 ಅಥವಾ 9×6, 40ಕ್ಕೆ 10×6, 46ಕ್ಕೆ 11×5 ಅಥವಾ 11×6, 60ಕ್ಕೆ 12×6 ಎಂಬುವು ದಶಕಗಳಿಂದ ನಡೆದುಬಂದ ಆರಂಭದ ಗಾತ್ರಗಳು. ತರಬೇತಿ ವಿಮಾನದಲ್ಲಿ 40-46 ಗಾತ್ರದ ಎಂಜಿನ್ ನೆಲದ ಮೇಲೆ 11,000ದಿಂದ 13,000 ಆರ್‌ಪಿಎಂ ನಡುವೆ ಓಡಿದರೆ ಪ್ರೊಪೆಲ್ಲರ್ ಹೊಂದಿದೆ ಎಂದು ತಿಳಿಯಬಹುದು. ತೀರ ದೊಡ್ಡದಾದರೆ ಎಂಜಿನ್ ಹೆಣಗಿ ಬಿಸಿಯಾಗುತ್ತದೆ. ತೀರ ಚಿಕ್ಕದಾದರೆ ಮಿತಿ ಮೀರಿ ಓಡಿ ಬೇರಿಂಗ್, ಕನೆಕ್ಟಿಂಗ್ ರಾಡುಗಳು ಬೇಗ ಸವೆಯುತ್ತವೆ. ಹೊಸ ಎಂಜಿನ್ ಪಳಗಿಸುವಾಗ ಭಾರ ಕಡಿಮೆಯಿರುವ ಪ್ರೊಪೆಲ್ಲರ್ ಹಾಕಿ, ಇಂಧನ ಹೆಚ್ಚು ಬಿಟ್ಟು ಓಡಿಸುತ್ತಾರೆ.

ಎತ್ತರದ ವಿಚಾರದಲ್ಲಿ ಎಂಜಿನ್ ಮೋಟಾರಿನಂತಲ್ಲ. ಬೆಂಗಳೂರಿನ ತೆಳು ಗಾಳಿಯಲ್ಲಿ ಪ್ರೊಪೆಲ್ಲರಿನ ಭಾರ ಕಡಿಮೆಯಾದಷ್ಟೇ ಎಂಜಿನ್‌ನ ಶಕ್ತಿಯೂ ಕಡಿಮೆಯಾಗುತ್ತದೆ. ಆರ್‌ಪಿಎಂ ಹೆಚ್ಚುಕಡಿಮೆ ಅಷ್ಟೇ ಉಳಿಯುತ್ತದೆ, ಆದರೆ ಎಳೆತ ಕುಗ್ಗಿರುತ್ತದೆ. ಟ್ಯಾಕೋಮೀಟರ್ ನೋಡಿ ಎಲ್ಲ ಸರಿಯಿದೆ ಎಂದುಕೊಳ್ಳುವಂತಿಲ್ಲ. ಗಾತ್ರ ಏರಿಸಿ ಇದನ್ನು ತುಂಬಿಕೊಳ್ಳಲು ಆಗದು. ವಿಮಾನದ ತೂಕ ಇಳಿಸಬೇಕು, ಇಲ್ಲವೇ ಎಂಜಿನ್‌ನ ಗಾತ್ರವನ್ನೇ ಒಂದು ಹಂತ ಏರಿಸಬೇಕು.

ಏಳನೇ ಹೆಜ್ಜೆ: ಹಾರಿಸಿ ತಿದ್ದುವುದು

ಲೆಕ್ಕದಿಂದ ಬಂದ ಗಾತ್ರದ ಜೊತೆಗೆ, ಒಂದು ಇಂಚು ಪಿಚ್ ಹೆಚ್ಚು ಮತ್ತು ಒಂದು ಇಂಚು ಕಡಿಮೆ ಇರುವ ಎರಡು ಪ್ರೊಪೆಲ್ಲರುಗಳನ್ನೂ ಕೊಂಡು, ಹೆಚ್ಚಿನದನ್ನು ಮೊದಲೇ ಮೀಟರಿನಲ್ಲಿ ಅಳೆದು ಮೈದಾನಕ್ಕೆ ಒಯ್ಯಿರಿ. ಬೇಗ ಮೇಲೇರಿ, ಸಮತಟ್ಟು ಹಾರಾಟದಲ್ಲಿ ಮಾತ್ರ ಮೋಟಾರು ಕಿರುಚುತ್ತಿದ್ದರೂ ವಿಮಾನ ಮುಂದೆ ಸಾಗದಿದ್ದರೆ ಪಿಚ್ ಸಾಲದು. ನೇರ ಹಾರಾಟದಲ್ಲಿ ರಭಸವಿದ್ದು, ಮೇಲೇರುವಾಗ ಮತ್ತು ಇಳಿಯಲು ಬಂದು ಮತ್ತೆ ಎತ್ತಿಕೊಂಡು ಹೋಗುವಾಗ ಎಳೆತ ತಡವಾಗಿ ಬಂದರೆ ಪಿಚ್ ಹೆಚ್ಚಾಗಿದೆ; ಪಿಚ್ ಇಳಿಸಿ, ಉಳಿದ ಆಂಪಿಯರನ್ನು ವ್ಯಾಸಕ್ಕೆ ಕೊಡಿ. ಇಳಿಯಲು ಬರುವಾಗ ವಿಮಾನ ತೇಲಿಕೊಂಡು ಮೈದಾನ ದಾಟುತ್ತಿದ್ದರೆ ಕಡಿಮೆ ಪಿಚ್‌ನ ದೊಡ್ಡ ಪ್ರೊಪೆಲ್ಲರ್ ಬ್ರೇಕಿನಂತೆ ನೆರವಾಗುತ್ತದೆ. ವ್ಯಾಸ ಹೆಚ್ಚಿಸಿದ ಮೇಲೆ ಪೂರ್ತಿ ಥ್ರಾಟಲ್ ಕೊಟ್ಟಾಗ ವಿಮಾನ ಎಡಕ್ಕೆ ಸೆಳೆಯುವುದು ಹೆಚ್ಚಬಹುದು. ಅದನ್ನು ರಡ್ಡರಿನ (ಬಾಲದ ಚುಕ್ಕಾಣಿಯ) ಟ್ರಿಮ್ಮಿನಿಂದ ಮುಚ್ಚುವುದಕ್ಕಿಂತ ಮೋಟಾರನ್ನು ಎರಡು ಡಿಗ್ರಿಯಷ್ಟು ಬಲಕ್ಕೆ ತಿರುಗಿಸಿ ಕೂರಿಸುವುದು ಸರಿಯಾದ ಪರಿಹಾರ.

ಪ್ರತಿ ಬಾರಿ ಒಂದನ್ನೇ ಬದಲಿಸಿ, ಪ್ರೊಪೆಲ್ಲರಿನ ಹೆಸರು ಮತ್ತು ಗಾತ್ರ, ಆಂಪಿಯರ್, ಹಾರಾಟದ ನಿಮಿಷಗಳು, ಇಳಿದಾಗ ಬ್ಯಾಟರಿಯಲ್ಲಿ ಉಳಿದ ವೋಲ್ಟ್, ಮೋಟಾರಿನ ಬಿಸಿ ಇವನ್ನು ಒಂದು ಪುಸ್ತಕದಲ್ಲಿ ಬರೆದಿಡಿ. ಬೇರೆ ಕಂಪನಿಯ ಅದೇ ಗಾತ್ರದ ಪ್ರೊಪೆಲ್ಲರನ್ನು ಹಾಕಿದಾಗಲೂ ಹೊಸದೆಂದೇ ತಿಳಿದು ಮತ್ತೆ ಅಳೆಯಿರಿ. ಅಲಗಿನ ಅಗಲ ಮತ್ತು ಆಕಾರ ಬೇರೆಯಾದರೆ 10×6 ಎಂಬ ಅಂಕಿ ಒಂದೇ ಇದ್ದರೂ ಎಳೆಯುವ ಆಂಪಿಯರ್ ಒಂದೇ ಇರುವುದಿಲ್ಲ. ಪ್ರತಿ ಹಾರಾಟಕ್ಕೂ ಮೊದಲು, ಬ್ಯಾಟರಿ ಜೋಡಿಸುವ ಮುನ್ನ, ಅಲಗುಗಳ ಅಂಚಿನ ಮೇಲೆ ಉಗುರು ಎಳೆದು ನೋಡಿ, ಬುಡವನ್ನು ಮೆಲ್ಲಗೆ ಬಾಗಿಸಿ ನೋಡಿ. ಉಗುರಿಗೆ ಬಿರುಕು ತಗುಲಿದರೆ, ಬಾಗಿಸಿದಾಗ ಬುಡದಲ್ಲಿ ಬಿಳಿ ಗೆರೆ ಕಂಡರೆ, ಅಂಟು ಹಾಕಿ ಉಳಿಸಿಕೊಳ್ಳುವ ಯೋಚನೆ ಬೇಡ. ಇನ್ಯಾರೂ ಎತ್ತಿಕೊಂಡು ಬಳಸದಂತೆ ಅದನ್ನು ಅಲ್ಲೇ ಎರಡು ತುಂಡು ಮಾಡಿ ಎಸೆಯಿರಿ.